ಹಾಲು ಕರೆಯುವ ಯಂತ್ರದ ಮೋಟರು ನಿಂತಾಗ: ಏನು ನೋಡಬೇಕು, ಏನು ಮುಟ್ಟಬಾರದು



ನಾಲ್ಕೈದು ಹಸು ಕಟ್ಟಿರುವ ಎಷ್ಟೋ ಮನೆಗಳಿಗೆ ಈಗ ಹಾಲು ಕರೆಯುವ ಯಂತ್ರ ಬಂದಿದೆ. ಕೈಬೆರಳು ನೋವು ಕಡಿಮೆಯಾಗಿದೆ, ಬೆಳಗಿನ ಕೆಲಸ ಬೇಗ ಮುಗಿಯುತ್ತದೆ. ಆದರೆ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಕೊಟ್ಟಿಗೆಗಳಿಗೆ ಚಿಕಿತ್ಸೆಗೆ ಹೋದಾಗ ನಾನು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ: "ಡಾಕ್ಟ್ರೇ, ಸಂಜೆ ಮಿಷನ್ನು ಓಡಲಿಲ್ಲ, ಅರ್ಧ ಹಾಲು ಹಂಗೇ ಉಳೀತು, ಈಗ ಕೆಚ್ಚಲು ಊದಿದೆ."

ಮೋಟರು ರಿಪೇರಿ ಪಶುವೈದ್ಯರ ಕೆಲಸವಲ್ಲ, ನಿಜ. ಆದರೆ ಯಂತ್ರ ನಿಂತ ದಿನದ ಪರಿಣಾಮ ಕೊನೆಗೆ ಬಂದು ಸೇರುವುದು ಕೆಚ್ಚಲಿಗೇ. ಸಂಘದ ಹಾಲು ತೆಗೆದುಕೊಳ್ಳುವ ಸಮಯ ಮೀರುತ್ತದೆ, ಹಸು ಹಾಲು ತಡೆಹಿಡಿಯುತ್ತದೆ, ಗಾಬರಿಯಲ್ಲಿ ಒದ್ದೆ ಕೈಯಿಂದ ವೈರು ಎಳೆದವರಿಗೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಔಷಧಿಯ ವಿಷಯ ಬಿಟ್ಟು ಕರೆಂಟಿನ ವಿಷಯ ಬರೆಯುತ್ತಿದ್ದೇನೆ. ಮನೆಯಲ್ಲಿ ಗಂಡಸರು ಇಲ್ಲದ ಹೊತ್ತಿನಲ್ಲೂ ನೀವೇ ನೋಡಬಹುದಾದದ್ದು ಯಾವುದು, ಎಲೆಕ್ಟ್ರಿಷಿಯನ್ನನ್ನೇ ಕರೆಯಬೇಕಾದದ್ದು ಯಾವುದು, ಅಷ್ಟರಲ್ಲಿ ಹಸುವಿಗೆ ಏನು ಮಾಡಬೇಕು ಎಂಬ ಮೂರು ವಿಷಯ ಇಲ್ಲಿವೆ.

ಯಂತ್ರ ಕೆಲಸ ಮಾಡುವ ಬಗೆ

ಮನೆಯಲ್ಲಿ ಬಳಸುವ ಯಂತ್ರದಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ 1 ಎಚ್.ಪಿ.ಯ ಸಿಂಗಲ್ ಫೇಸ್ ಮೋಟರು ಇರುತ್ತದೆ. ಮೋಟರು ಬೆಲ್ಟಿನ ಮೂಲಕ ವ್ಯಾಕ್ಯೂಮ್ ಪಂಪನ್ನು ತಿರುಗಿಸುತ್ತದೆ. ಪಂಪು ಪೈಪಿನೊಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆ ಎಳೆತ ಕ್ಯಾನಿಗೆ, ಅಲ್ಲಿಂದ ಮೊಲೆಗೆ ಹಾಕುವ ನಾಲ್ಕು ಬಟ್ಟಲುಗಳಿಗೆ ಹೋಗುತ್ತದೆ. ಎಳೆತ ಎಷ್ಟಿದೆ ಎಂದು ಗೇಜು ತೋರಿಸುತ್ತದೆ. ಹೆಚ್ಚಾದರೆ ರೆಗ್ಯುಲೇಟರು ಸ್ವಲ್ಪ ಗಾಳಿ ಒಳಗೆ ಬಿಟ್ಟು ಸರಿಮಾಡುತ್ತದೆ.

ಪಲ್ಸೇಟರು ಎಂಬ ಚಿಕ್ಕ ಭಾಗ ನಿಮಿಷಕ್ಕೆ ಸುಮಾರು 60 ಸಲ "ಟಿಕ್ ಟಿಕ್" ಎನ್ನುತ್ತಾ ಬಟ್ಟಲಿನೊಳಗಿನ ರಬ್ಬರನ್ನು ತೆರೆದು ಮುಚ್ಚುತ್ತದೆ. ತೆರೆದಾಗ ಹಾಲು ಬರುತ್ತದೆ, ಮುಚ್ಚಿದಾಗ ಮೊಲೆಗೆ ವಿಶ್ರಾಂತಿ ಸಿಗುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ 1889ರಲ್ಲಿ ಮಾಡಿದ ಯಂತ್ರ ಬಿಡುವಿಲ್ಲದೆ ಎಳೆಯುತ್ತಿತ್ತು. ಹಾಗೆ ಒಂದೇ ಸಮನೆ ಎಳೆದರೆ ಮೊಲೆಯ ತುದಿಯಲ್ಲಿ ರಕ್ತ ಕಟ್ಟಿಕೊಂಡು ಊತ ಬರುತ್ತದೆ. 1895ರಲ್ಲಿ ಅದೇ ದೇಶದ ಅಲೆಕ್ಸಾಂಡರ್ ಶೀಲ್ಡ್ಸ್ ಎಳೆತಕ್ಕೆ ನಡುನಡುವೆ ಬಿಡುವು ಕೊಡುವ ಯಂತ್ರ ಮಾಡಿದರು. ಕರು ಕುಡಿಯುವಾಗ ಒಮ್ಮೆ ಎಳೆದು ಒಮ್ಮೆ ಬಿಡುವ ಹಾಗೆ. ನಿಮ್ಮ ಯಂತ್ರದ "ಟಿಕ್ ಟಿಕ್" ಆ ಬಿಡುವಿನ ಸದ್ದು. ಅದು ನಿಂತರೆ ಮೋಟರು ಓಡುತ್ತಿದ್ದರೂ ಹಾಲು ಕರೆಯಬಾರದು.

ಒಟ್ಟಿನಲ್ಲಿ ದಾರಿ ಹೀಗೆ: ಕಂಬ, ಮೀಟರು, ಮೇನ್ ಸ್ವಿಚ್ಚು, ಕೊಟ್ಟಿಗೆಯ ಸಾಕೆಟ್ಟು, ಪ್ಲಗ್ಗು, ವೈರು, ಮೋಟರು, ಬೆಲ್ಟು, ಪಂಪು, ಪೈಪು, ಪಲ್ಸೇಟರು, ರಬ್ಬರು, ಮೊಲೆ. ದೋಷ ಇದರಲ್ಲಿ ಎಲ್ಲಾದರೂ ಇರಬಹುದು. ಒಂದು ತುದಿಯಿಂದ ಒಂದೊಂದೇ ನೋಡುತ್ತಾ ಬಂದರೆ ಸಿಕ್ಕೇ ಸಿಗುತ್ತದೆ.

ಮೊದಲೇ ಪಂಪು ಬದಲಾಯಿಸಬೇಡಿ

ಹಾಲಿನ ರೂಟಿನಲ್ಲಿ ಹಳೇ ಗಾಡಿ ಓಡಿಸಿದ ಚಾಲಕರನ್ನು ಕೇಳಿ ನೋಡಿ. ಕೆಲವು ಗಾಡಿಗಳಲ್ಲಿ ಟ್ಯಾಂಕಿನಿಂದ ಇಂಜಿನ್ನಿಗೆ ಇಂಧನ ತಳ್ಳಲು ಕರೆಂಟಿನ ಪಂಪು ಇರುತ್ತದೆ. ಕೀ ತಿರುಗಿಸಿದಾಗ "ಗುಂಯ್" ಎಂಬ ಸದ್ದು ಕೇಳದಿದ್ದರೆ ಅನುಭವವಿರುವ ಮೆಕ್ಯಾನಿಕ್ ಕೂಡಲೇ ಹೊಸ ಪಂಪು ತರಿಸುವುದಿಲ್ಲ. ಮೊದಲು ಫ್ಯೂಸು, ಆಮೇಲೆ ರಿಲೇ, ಆಮೇಲೆ ವೈರು, ಕೊನೆಗೆ ಗಾಡಿಯ ಬಾಡಿಗೆ ಕೊಟ್ಟ ಅರ್ತ್ ನಟ್ಟು ತುಕ್ಕು ಹಿಡಿದಿದೆಯೇ ಎಂದು ನೋಡುತ್ತಾರೆ. ಇವೆಲ್ಲ ಸರಿ ಇದ್ದೂ ಪಂಪು ತಿರುಗದಿದ್ದರೆ ಮಾತ್ರ ಪಂಪು ಕೆಟ್ಟಿದೆ ಎನ್ನುತ್ತಾರೆ. ತುಕ್ಕು ಹಿಡಿದ ಜಾಗದಲ್ಲಿ ಟೆಸ್ಟ್ ಬಲ್ಬು ಉರಿಯುತ್ತದೆ, ಪಂಪು ಮಾತ್ರ ತಿರುಗುವುದಿಲ್ಲ. ಬಲ್ಬಿಗೆ ಬೇಕಾದಷ್ಟು ಕರೆಂಟು ಆ ಸಡಿಲ ಜಾಗದಲ್ಲಿ ಹಾಯುತ್ತದೆ, ಪಂಪಿಗೆ ಬೇಕಾದಷ್ಟು ಹಾಯುವುದಿಲ್ಲ.

ನಿಮ್ಮ ಯಂತ್ರಕ್ಕೂ ಈ ಕ್ರಮ ಸರಿಹೊಂದುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ನೆನಪಿರಲಿ. ಗಾಡಿಯಲ್ಲಿರುವುದು 12 ಅಥವಾ 24 ವೋಲ್ಟು. ಅಲ್ಲಿ ಗಾಡಿಯ ಬಾಡಿಯೇ ಕರೆಂಟು ವಾಪಸ್ಸು ಹೋಗುವ ದಾರಿ. ಕೊಟ್ಟಿಗೆಯಲ್ಲಿರುವುದು 230 ವೋಲ್ಟು. ಇಲ್ಲಿ ಮೋಟರಿನ ಬಾಡಿಗೆ ಕರೆಂಟು ಬಂದರೆ ಅದು ಪ್ರಾಣಕ್ಕೇ ಅಪಾಯ.

ಕೈ ಹಾಕುವ ಮೊದಲು

1. ಮೊಲೆಯ ಬಟ್ಟಲು ಹಸುವಿಗೆ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಎಳೆತ ಪೂರ್ತಿ ಇಳಿದಿದೆಯೇ ನೋಡಿ, ವಾಲ್ವು ಮುಚ್ಚಿ, ಆಮೇಲೆ ಮೆಲ್ಲಗೆ ತೆಗೆಯಿರಿ. ಎಳೆತ ಇರುವಾಗಲೇ ಕಿತ್ತರೆ ಮೊಲೆಯ ತುದಿಗೆ ಪೆಟ್ಟಾಗುತ್ತದೆ.
2. ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರಗೆ ಎಳೆಯಿರಿ. ಸ್ವಿಚ್ಚು ಆರಿಸಿದರೆ ಸಾಲದು. ಕೆಲವು ಕಡೆ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಕೊಟ್ಟಿರುತ್ತಾರೆ, ಆಗ ಸ್ವಿಚ್ಚು ಆರಿದ್ದರೂ ಮೋಟರಿನ ತನಕ ಕರೆಂಟು ಇರುತ್ತದೆ.
3. ಕೈ ಒರೆಸಿಕೊಳ್ಳಿ. ಒಣಗಿದ ಚಪ್ಪಲಿ ಅಥವಾ ಗಮ್ ಬೂಟು ಹಾಕಿಕೊಳ್ಳಿ. ಗಂಜಲ, ನೀರು ನಿಂತ ಜಾಗದಲ್ಲಿ ನಿಂತು ಪ್ಲಗ್ಗು ಮುಟ್ಟಬೇಡಿ.
4. ಮೋಟರಿನ ಮುಚ್ಚಳ, ಸ್ವಿಚ್ ಬೋರ್ಡು, ಕೆಪಾಸಿಟರು (ಕಂಡೆನ್ಸರು ಎಂದೂ ಕರೆಯುತ್ತಾರೆ) ಬಿಚ್ಚಬೇಡಿ. ಕೆಪಾಸಿಟರಿನಲ್ಲಿ ಪ್ಲಗ್ಗು ತೆಗೆದ ಮೇಲೂ ಕರೆಂಟು ಉಳಿದಿರುತ್ತದೆ. ಅದು ಎಲೆಕ್ಟ್ರಿಷಿಯನ್ ಕೆಲಸ.

ಸದ್ದೇ ಇಲ್ಲದಿದ್ದರೆ

ಸ್ವಿಚ್ಚು ಹಾಕಿದರೂ ಮೋಟರು ಸುಮ್ಮನಿದ್ದರೆ ಅಲ್ಲಿಗೆ ಕರೆಂಟು ಬರುತ್ತಿಲ್ಲ ಎಂದುಕೊಂಡು ಶುರು ಮಾಡಿ.

ಮನೆಯ ಬೇರೆ ಕಡೆ ಕರೆಂಟು ಇದೆಯೇ ನೋಡಿ. ಮನೆಯಲ್ಲಿದ್ದು ಕೊಟ್ಟಿಗೆಯಲ್ಲಿ ಇಲ್ಲದಿದ್ದರೆ ಕೊಟ್ಟಿಗೆಯ ಎಂ.ಸಿ.ಬಿ. ಕೆಳಗೆ ಬಿದ್ದಿದೆಯೇ, ಫ್ಯೂಸು ಹೋಗಿದೆಯೇ ನೋಡಿ. ಎಂ.ಸಿ.ಬಿ.ಯನ್ನು ಒಂದು ಸಲ ಮಾತ್ರ ಮೇಲೆತ್ತಿ. ಮತ್ತೆ ಬಿದ್ದರೆ ಅದು ಏನೋ ಹೇಳುತ್ತಿದೆ ಎಂದರ್ಥ. ಬಲವಂತವಾಗಿ ಹಿಡಿದು ನಿಲ್ಲಿಸಬೇಡಿ. ಫ್ಯೂಸು ಪದೇ ಪದೇ ಹೋಗುತ್ತದೆ ಎಂದು ದಪ್ಪ ತಾಮ್ರದ ತಂತಿ ಸುತ್ತುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಫ್ಯೂಸು ಸುಡದಿದ್ದರೆ ಅದರ ಬದಲು ವೈರು ಸುಡುತ್ತದೆ. ಕೊಟ್ಟಿಗೆಯ ಮೇಲೆ ಅಟ್ಟದಲ್ಲಿ ಒಣ ಹುಲ್ಲು, ರಾಗಿ ಹುಲ್ಲು ಇದ್ದರೆ ಮುಂದಿನದನ್ನು ನಾನು ಹೇಳಬೇಕಿಲ್ಲ.

ಎಂ.ಸಿ.ಬಿ. ಸರಿ ಇದ್ದರೆ ಸಾಕೆಟ್ಟನ್ನು ಪರೀಕ್ಷಿಸಿ. ಇಲ್ಲಿ ಅನೇಕರು ಮೊಬೈಲ್ ಚಾರ್ಜರ್ ಹಾಕಿ ನೋಡುತ್ತಾರೆ. ಅದು ಚಾರ್ಜ್ ಆದರೆ ಕರೆಂಟು ಚೆನ್ನಾಗಿದೆ ಎಂದು ತಿಳಿಯುತ್ತಾರೆ. ಚಾರ್ಜರು ಮತ್ತು ಎಲ್.ಇ.ಡಿ. ಬಲ್ಬು 120 ವೋಲ್ಟಿದ್ದರೂ ಕೆಲಸ ಮಾಡಬಲ್ಲವು, ಸಡಿಲವಾದ ಜಾಯಿಂಟಿನಲ್ಲೂ ಉರಿಯುತ್ತವೆ. ಮೋಟರಿಗೆ ಹಾಗಲ್ಲ. 1 ಎಚ್.ಪಿ. ಮೋಟರು ಓಡುವಾಗ ಸುಮಾರು 5ರಿಂದ 7 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆದ್ದರಿಂದ ಅದೇ ಸಾಕೆಟ್ಟಿಗೆ ನಿಮ್ಮ ಮಿಕ್ಸಿ ಹಾಕಿ, ಜಾರಿನಲ್ಲಿ ಸ್ವಲ್ಪ ಅಕ್ಕಿ ಹಾಕಿ ತಿರುಗಿಸಿ. ಅಡುಗೆ ಮನೆಯಲ್ಲಿ ಅದರ ಸದ್ದು ಹೇಗಿರುತ್ತದೆ ಎಂದು ನಿಮಗಿಂತ ಚೆನ್ನಾಗಿ ತಿಳಿದವರು ಯಾರು? ಇಲ್ಲಿ ಸದ್ದು ಮಂದವಾದರೆ ವೋಲ್ಟೇಜು ಕಡಿಮೆ ಇದೆ, ಅಥವಾ ಜಾಯಿಂಟು ಸಡಿಲವಾಗಿದೆ.

ಮಿಕ್ಸಿ ಚೆನ್ನಾಗಿ ಓಡಿದರೆ ಸಾಕೆಟ್ಟಿನವರೆಗೆ ತೊಂದರೆ ಇಲ್ಲ. ಪ್ಲಗ್ಗು ಹೊರಗಿರುವಾಗಲೇ ಅದನ್ನು ಕೈಯಲ್ಲಿ ಹಿಡಿದು ನೋಡಿ. ಪಿನ್ನು ಕಪ್ಪಾಗಿದೆಯೇ? ಪ್ಲಗ್ಗು ಕರಗಿದ ಹಾಗಿದೆಯೇ? ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ? ಕೊಟ್ಟಿಗೆಯ ಗಂಜಲದಿಂದ ಏಳುವ ಅಮೋನಿಯಾ ಹೊಗೆ ತಾಮ್ರ, ಹಿತ್ತಾಳೆಯನ್ನು ಬೇಗ ತಿನ್ನುತ್ತದೆ. ಅಡುಗೆ ಮನೆಯಲ್ಲಿ ಹತ್ತು ವರ್ಷ ಬಾಳುವ ಸಾಕೆಟ್ಟು ಕೊಟ್ಟಿಗೆಯಲ್ಲಿ ಬೇಗ ಹಾಳಾಗಲು ಇದೇ ಕಾರಣ. ಯಂತ್ರಕ್ಕೆ ಚಿಕ್ಕ 6 ಆಂಪಿಯರ್ ಸಾಕೆಟ್ಟು ಸಾಲದು. 16 ಆಂಪಿಯರಿನ ಪವರ್ ಸಾಕೆಟ್ಟು, ಅದಕ್ಕೆ ತಕ್ಕ ದಪ್ಪದ ವೈರು ಬೇಕು.

ಕೊನೆಗೆ ವೈರು. ಪ್ಲಗ್ಗಿನಿಂದ ಮೋಟರಿನವರೆಗೆ ಕಣ್ಣು ಹಾಯಿಸಿ. ಇಲಿ ಕಡಿದಿರಬಹುದು, ಹಸು ತುಳಿದಿರಬಹುದು, ಹಗ್ಗದ ಗೂಟಕ್ಕೆ ಸಿಕ್ಕಿಕೊಂಡು ಸಿಪ್ಪೆ ಹರಿದಿರಬಹುದು. ಹರಿದ ವೈರಿಗೆ ಪ್ಲಾಸ್ಟಿಕ್ ಕವರು ಸುತ್ತಿ ಓಡಿಸಬೇಡಿ, ವೈರನ್ನೇ ಬದಲಾಯಿಸಿ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ಹೀಗಾದರೆ ಕೂಡಲೇ ಸ್ವಿಚ್ಚು ಆರಿಸಿ. ತಿರುಗದೆ ನಿಂತ ಮೋಟರು ತುಂಬ ಕರೆಂಟು ಎಳೆದು ಸ್ವಲ್ಪ ಹೊತ್ತಿನಲ್ಲೇ ಒಳಗಿನ ಸುರುಳಿ ಸುಟ್ಟುಕೊಳ್ಳುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣ.

ಒಂದು, ವೋಲ್ಟೇಜು ಕಡಿಮೆ. ಸಂಜೆ ಊರಿನಲ್ಲೆಲ್ಲ ದೀಪ, ಟಿ.ವಿ., ಮೋಟರು ಒಟ್ಟಿಗೆ ಹಾಕುವ ಹೊತ್ತಿನಲ್ಲಿ ಇದು ಹೆಚ್ಚು. ಸಾಕೆಟ್ಟಿಗೆ ಚುಚ್ಚಿ ವೋಲ್ಟೇಜು ನೋಡುವ ಚಿಕ್ಕ ಮೀಟರು ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತದೆ, ಒಂದು ತಂದಿಡಿ. 200ಕ್ಕಿಂತ ಕೆಳಗೆ ತೋರಿಸಿದರೆ ಮೋಟರು ಹಾಕಬೇಡಿ, ಆ ಹೊತ್ತು ಕೈಯಲ್ಲೇ ಕರೆಯಿರಿ. ದಿನವೂ ಹೀಗೇ ಆದರೆ ಸಮಯ, ವೋಲ್ಟೇಜು ಬರೆದಿಟ್ಟುಕೊಂಡು ಬೆಸ್ಕಾಂನ 1912ಕ್ಕೆ ದೂರು ಕೊಡಿ. "ಕರೆಂಟು ಸರಿಯಿಲ್ಲ" ಎನ್ನುವುದಕ್ಕಿಂತ "ಸಂಜೆ ಆರಕ್ಕೆ 170 ವೋಲ್ಟು" ಎನ್ನುವ ದೂರಿಗೆ ತೂಕ ಹೆಚ್ಚು.

ಎರಡು, ಕೆಪಾಸಿಟರು ದುರ್ಬಲವಾಗಿದೆ. ಸಿಂಗಲ್ ಫೇಸ್ ಮೋಟರಿಗೆ ಮೊದಲ ತಳ್ಳು ಕೊಡುವುದು ಅದೇ. ಕೆಲವರು ಸ್ವಿಚ್ಚು ಹಾಕಿ, ಪುಲ್ಲಿಯನ್ನು ಕೈಯಿಂದ ತಿರುಗಿಸಿ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಲ್ಟಿಗೆ ಸೆರಗು, ಬಳೆ, ಜಡೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಕೆಪಾಸಿಟರು ಬದಲಾಯಿಸಲು ಮೋಟರು ಬದಲಾಯಿಸುವಷ್ಟು ಖರ್ಚಿಲ್ಲ. ಮೋಟರೇ ಹೋಗಿದೆ ಎಂದು ಯಾರಾದರೂ ಹೇಳಿದರೆ "ಕೆಪಾಸಿಟರು ನೋಡಿದಿರಾ?" ಎಂದು ಒಮ್ಮೆ ಕೇಳಿ.

ಮೂರು, ಪಂಪು ಬಿಗಿದುಕೊಂಡಿದೆ. ಪ್ಲಗ್ಗು ತೆಗೆದ ಮೇಲೆ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ಪಂಪಿನೊಳಗೆ ಎಣ್ಣೆ ಒಣಗಿದೆ, ಅಥವಾ ಹಾಲು, ನೀರು ಒಳಗೆ ಹೋಗಿ ತುಕ್ಕು ಹಿಡಿದಿದೆ. ಕ್ಯಾನು ತುಂಬಿ ಉಕ್ಕಿದ ಹಾಲು ಪೈಪಿನ ಮೂಲಕ ಪಂಪಿಗೆ ಹೋಗುವುದು ಸಾಮಾನ್ಯ. ನಡುವೆ ಇರುವ ಚಿಕ್ಕ ತಡೆಪಾತ್ರೆಯನ್ನು ದಿನವೂ ಖಾಲಿ ಮಾಡಿ ತೊಳೆದರೆ ಇದು ಆಗುವುದಿಲ್ಲ.

ಓಡುತ್ತದೆ, ಆದರೆ ಎಳೆತ ಇಲ್ಲ

ಮೋಟರು ಓಡುತ್ತಿದ್ದು ಬಟ್ಟಲು ಮೊಲೆಯಿಂದ ಜಾರಿ ಬೀಳುತ್ತಿದ್ದರೆ ಕರೆಂಟಿನ ದೋಷವಲ್ಲ. ಗೇಜು ನೋಡಿ. ಕ್ಯಾನಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 45ರಿಂದ 50 ಕಿಲೋಪ್ಯಾಸ್ಕಲ್, ಅಂದರೆ ಪಾದರಸದ ಲೆಕ್ಕದಲ್ಲಿ ಸುಮಾರು 340ರಿಂದ 375 ಮಿಲಿಮೀಟರು ಇರುತ್ತದೆ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಗೇಜಿನ ಮೇಲೆ ಆ ಜಾಗಕ್ಕೆ ನೇಲ್ ಪಾಲಿಶ್‌ನಿಂದ ಒಂದು ಗುರುತು ಹಾಕಿಡಿ. ಓದು ಬಾರದವರಿಗೂ ಮುಳ್ಳು ಎಲ್ಲಿರಬೇಕೆಂದು ತಿಳಿಯುತ್ತದೆ.

ಮುಳ್ಳು ಕೆಳಗಿದ್ದರೆ ಈ ಕ್ರಮದಲ್ಲಿ ನೋಡಿ. ಪ್ಲಗ್ಗು ತೆಗೆದು, ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಅರ್ಧ ಅಂಗುಲದಷ್ಟು ಬಗ್ಗಿದರೆ ಸರಿ, ಜೋತು ಬಿದ್ದಿದ್ದರೆ ಬಿಗಿ ಮಾಡಿಸಬೇಕು. ಪಂಪಿನ ಎಣ್ಣೆ ಗುರುತಿನವರೆಗೆ ಇದೆಯೇ ನೋಡಿ. ಮತ್ತೆ ಓಡಿಸಿ, ಪೈಪಿನ ಉದ್ದಕ್ಕೂ "ಸ್‌ಸ್" ಎಂಬ ಸದ್ದಿಗೆ ಕಿವಿಗೊಡಿ. ಸೀಳಿದ ಪೈಪು, ಸರಿಯಾಗಿ ಕೂರದ ಕ್ಯಾನಿನ ಮುಚ್ಚಳದ ರಬ್ಬರು ಅಲ್ಲೇ ಸಿಗುತ್ತವೆ. ರೆಗ್ಯುಲೇಟರಿನಲ್ಲಿ ಹೊಟ್ಟು, ಧೂಳು ಸಿಕ್ಕಿಕೊಂಡಿದ್ದರೆ ಒಣ ಬ್ರಷ್ಷಿನಿಂದ ಶುಚಿ ಮಾಡಿ. ರೆಗ್ಯುಲೇಟರಿನ ಸ್ಕ್ರೂ ಮಾತ್ರ ತಿರುಗಿಸಬೇಡಿ. ಎಳೆತ ಜಾಸ್ತಿಯಾದರೆ ಹಾಲು ಬೇಗ ಬರುತ್ತದೆ ಎಂದು ತಿರುಗಿಸಿದವರ ಹಸುಗಳಲ್ಲಿ ಮೊಲೆಯ ತುದಿ ಹೂವಿನಂತೆ ಹೊರಗೆ ಅರಳಿ ಗಟ್ಟಿಯಾಗಿರುವುದನ್ನು ನೋಡಿದ್ದೇನೆ. ಆ ಬಾಯಿ ಸರಿಯಾಗಿ ಮುಚ್ಚುವುದಿಲ್ಲ, ರೋಗಾಣು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಗೇಜು ಸರಿ ಇದ್ದರೆ ಬಟ್ಟಲೊಳಗೆ ಹೆಬ್ಬೆರಳು ಇಟ್ಟು ನೋಡಿ. ಹಿಂಡಿ ಬಿಟ್ಟ ಹಾಗೆ ಅನಿಸಬೇಕು. ನಾಲ್ಕು ಬಟ್ಟಲಿನಲ್ಲೂ ಒಂದೇ ರೀತಿ ಇರಬೇಕು. ಗಡಿಯಾರ ಹಿಡಿದು ಎಣಿಸಿ, ನಿಮಿಷಕ್ಕೆ 60ರ ಆಸುಪಾಸು ಬರಬೇಕು. ಬರೀ ಎಳೆಯುತ್ತಾ ಬಿಡದಿದ್ದರೆ ಪಲ್ಸೇಟರು ಕೆಟ್ಟಿದೆ.

ಹಸುವೇ ಟೆಸ್ಟರು

ಇದು ಈ ಲೇಖನದಲ್ಲಿ ಅತ್ಯಂತ ಮುಖ್ಯವಾದ ಭಾಗ. ಮೋಟರು ಚೆನ್ನಾಗಿ ಓಡುತ್ತಿದೆ, ಆದರೆ ಅದರ ಕಬ್ಬಿಣಕ್ಕೆ ಸ್ವಲ್ಪ ಕರೆಂಟು ಸೋರುತ್ತಿದೆ ಎಂದುಕೊಳ್ಳಿ. ಚಪ್ಪಲಿ ಹಾಕಿದ ನಿಮಗೆ ಏನೂ ಗೊತ್ತಾಗುವುದಿಲ್ಲ. ಹಸು ಬರಿಗಾಲಲ್ಲಿ, ಗಂಜಲದಿಂದ ಒದ್ದೆಯಾದ ನೆಲದ ಮೇಲೆ ನಿಂತಿದೆ. ಅದರ ಮೈಯಲ್ಲಿ ಕರೆಂಟು ಮನುಷ್ಯರ ಮೈಗಿಂತ ಸುಲಭವಾಗಿ ಹಾಯುತ್ತದೆ. ನಮಗೆ ತಿಳಿಯದ ಒಂದೆರಡು ವೋಲ್ಟು ಕೂಡ ಅದನ್ನು ಕಾಡಬಲ್ಲದು.

ಕುಣಿಗಲ್ ಕಡೆಯ ಒಂದು ಕೊಟ್ಟಿಗೆಯಲ್ಲಿ ಮೂರು ಹಸುಗಳೂ ಒಂದೇ ವಾರದಲ್ಲಿ ಒದೆಯಲು ಶುರು ಮಾಡಿದ್ದವು. ಯಾರದೋ ಕಣ್ಣು ತಾಗಿದೆ ಎಂದು ನಿಂಬೆಹಣ್ಣು ಕಟ್ಟಿದ್ದರು. ಜ್ವರವಿಲ್ಲ, ಕೆಚ್ಚಲು ಬಾವಿಲ್ಲ, ಕೈಯಲ್ಲಿ ಕರೆದರೆ ತೊಂದರೆಯಿಲ್ಲ. ಯಂತ್ರ ಹಾಕಿದಾಗ ಮಾತ್ರ ಕುಣಿಯುತ್ತಿದ್ದವು. ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗು ಬಿಚ್ಚಿದಾಗ ಅರ್ತಿಂಗ್ ವೈರು ತುಂಡಾಗಿತ್ತು, ಮೋಟರಿನೊಳಗೆ ತೇವ ಸೇರಿತ್ತು. ಎರಡನ್ನೂ ಸರಿಮಾಡಿದ ಮೇಲೆ ಹಸುಗಳು ಮೊದಲಿನಂತೆ ನಿಂತವು.

ಈ ಲಕ್ಷಣಗಳನ್ನು ಗಮನಿಸಿ:

– ಒಂದು ಹಸುವಲ್ಲ, ಎಲ್ಲ ಹಸುಗಳೂ ಒಟ್ಟಿಗೆ ಅಂಜುವುದು.
– ಮೋಟರು ಓಡುವಾಗ ಮಾತ್ರ ಕಾಲು ಬದಲಿಸುತ್ತಾ ನಿಲ್ಲುವುದು, ಒದೆಯುವುದು.
– ನೀರಿನ ತೊಟ್ಟಿಗೆ ನಾಲಿಗೆ ತಾಗಿಸಿ ಹಿಂದಕ್ಕೆ ಎಳೆದುಕೊಳ್ಳುವುದು.
– ಕರೆಯುವ ಜಾಗಕ್ಕೆ ಬರಲು ಹಟ ಮಾಡುವುದು, ಹಾಲು ಪೂರ್ತಿ ಬಿಡದಿರುವುದು.

ಹೀಗೆ ಕಂಡರೆ ಮೋಟರು, ಕಬ್ಬಿಣದ ಕಂಬ, ಸರಪಳಿ ಯಾವುದನ್ನೂ ಕೈಯಿಂದ ಮುಟ್ಟಿ ಪರೀಕ್ಷಿಸಬೇಡಿ. ಮೇನ್ ಸ್ವಿಚ್ಚು ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಅರ್ತಿಂಗ್ ಇದ್ದರೆ ಸೋರಿದ ಕರೆಂಟು ಹಸುವಿನ ಮೈ ಬಿಟ್ಟು ನೇರ ಭೂಮಿಗೆ ಹೋಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನು ಇರುವುದು ಇದಕ್ಕೇ. ಅದನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕಬೇಡಿ. ಇದರ ಜೊತೆಗೆ ಕೊಟ್ಟಿಗೆಯ ಲೈನಿಗೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಎಂ.ಸಿ.ಬಿ. ಉಳಿಸುವುದು ವೈರನ್ನು, ಆರ್.ಸಿ.ಸಿ.ಬಿ. ಉಳಿಸುವುದು ಜೀವವನ್ನು. ಮೈಗೆ ಕರೆಂಟು ಹಾಯ್ದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಲೈನು ಕಡಿಯುತ್ತದೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ; ಒತ್ತಿದಾಗ ಕೆಳಗೆ ಬೀಳದಿದ್ದರೆ ಬದಲಾಯಿಸಿ. ಒಂದು ಕರುಹಾಕಿದ ಮಿಶ್ರತಳಿ ಹಸುವಿನ ಬೆಲೆಯ ಮುಂದೆ ಇದರ ಖರ್ಚು ಏನೂ ಅಲ್ಲ. ನಿಮ್ಮ ಜೀವಕ್ಕಂತೂ ಬೆಲೆಯೇ ಇಲ್ಲ.

ತೋಟದ ಕೊಟ್ಟಿಗೆಗಳಿಗೆ ಒಂದು ಎಚ್ಚರಿಕೆ

ಗುಬ್ಬಿ, ಕುಣಿಗಲ್ ಕಡೆ ತೆಂಗಿನ, ಅಡಿಕೆಯ ತೋಟದಲ್ಲೇ ಕೊಟ್ಟಿಗೆ ಇರುವ ಮನೆಗಳು ಬಹಳ. ಅಲ್ಲಿ ಕೆಲವರು ಕೊಳವೆಬಾವಿಯ ಪಂಪ್‌ಸೆಟ್ ಲೈನಿನಿಂದ ಒಂದು ಫೇಸ್ ಎಳೆದುಕೊಂಡು, ನ್ಯೂಟ್ರಲ್ ಸಿಗದ ಕಾರಣ ನೆಲಕ್ಕೆ ಕಬ್ಬಿಣದ ಸಲಾಕೆ ಹೊಡೆದು ಅದನ್ನೇ ನ್ಯೂಟ್ರಲ್ ಮಾಡಿಕೊಳ್ಳುತ್ತಾರೆ. ಬಲ್ಬು ಉರಿಯುತ್ತದೆ, ಯಂತ್ರ ಕೂಡ ಹೇಗೋ ಓಡಬಹುದು. ಆದರೆ ಮೋಟರಿನ ಕರೆಂಟೆಲ್ಲ ಆ ಸಲಾಕೆಯಿಂದ ನೆಲಕ್ಕೆ ಇಳಿಯುತ್ತದೆ. ಸಲಾಕೆಯ ಸುತ್ತಲ ಒದ್ದೆ ನೆಲದಲ್ಲಿ ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆಯೇ ವೋಲ್ಟೇಜು ಏರ್ಪಡುತ್ತದೆ. ಮುಂಗಾಲು ಹಿಂಗಾಲಿನ ಅಂತರ ಹೆಚ್ಚಿರುವುದರಿಂದ ನಮಗಿಂತ ಹಸುವಿಗೆ ಅಪಾಯ ಹೆಚ್ಚು. ಮಳೆಗಾಲದಲ್ಲಂತೂ ಇದು ಜೀವ ತೆಗೆಯುವ ವ್ಯವಸ್ಥೆ. ಯಂತ್ರಕ್ಕೆ ಮನೆಯ ಮೀಟರಿನಿಂದ, ಸರಿಯಾದ ನ್ಯೂಟ್ರಲ್ ಮತ್ತು ಬೇರೆಯದೇ ಆದ ಅರ್ತಿಂಗ್ ಇರುವ ಲೈನು ಎಳೆಸಿಕೊಳ್ಳಿ.

ಹಸುವಿಗೆ ಶಾಕ್ ಹೊಡೆದು ಬಿದ್ದರೆ ಓಡಿ ಹೋಗಿ ಅದನ್ನಾಗಲಿ ಸರಪಳಿಯನ್ನಾಗಲಿ ಹಿಡಿಯಬೇಡಿ. ಸಂಕಟ ಆಗುತ್ತದೆ, ಗೊತ್ತು. ಮೊದಲು ಮೇನ್ ಸ್ವಿಚ್ಚು. ಕಂಬದ ತಂತಿ ಹರಿದು ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನು ಮಾಡಿ. ಆಮೇಲೆ ಪಶುವೈದ್ಯರಿಗೆ, ಇಲ್ಲವೇ 1962ಕ್ಕೆ ತಿಳಿಸಿ. ಹಸು ಸತ್ತಿದ್ದು ವಿಮೆ ಇದ್ದರೆ, ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಹೂಳಬೇಡಿ, ಕಿವಿಯ ಓಲೆ ತೆಗೆಯಬೇಡಿ.

ನಡುವೆ ಕರೆಂಟು ಹೋದರೆ ಹಸುವಿಗೆ ಏನು ಮಾಡಬೇಕು

ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ. ಒಂದು ನಿಮಿಷದೊಳಗೆ ಸೊರೆ ಬಿಡುತ್ತದೆ. ಅದರ ಪ್ರಭಾವ ಇರುವುದು ಐದಾರು ನಿಮಿಷ ಮಾತ್ರ. ನೀವು ಪ್ಲಗ್ಗು, ಫ್ಯೂಸು ಎಂದು ಓಡಾಡುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಆದ್ದರಿಂದ ಮೊದಲು ಹಸು, ಆಮೇಲೆ ಮೋಟರು.

ಬಟ್ಟಲು ತೆಗೆದ ಕೂಡಲೇ ಶುಚಿಯಾದ ಒಣ ಕೈಯಿಂದ ಉಳಿದ ಹಾಲು ಕರೆಯಿರಿ. ಪೂರ್ತಿ ಅಂಗೈಯಲ್ಲಿ ಮೊಲೆ ಹಿಡಿದು ಹಿಂಡಿ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಎಳೆಯುವುದು ಮೊಲೆಯ ಒಳಗೆ ಗಾಯ ಮಾಡುತ್ತದೆ. ಹೊತ್ತಾಗಿ ಸೊರೆ ನಿಂತಿದ್ದರೆ ಸ್ವಲ್ಪ ಹಿಂಡಿ, ಬೂಸಾ ಹಾಕಿ, ಕೆಚ್ಚಲು ಸವರಿ, ಕರು ಇದ್ದರೆ ಹತ್ತಿರ ತನ್ನಿ. ಗದರಬೇಡಿ, ಹೆದರಿದ ಹಸು ಹಾಲು ಬಿಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಸೂಜಿ ಹಾಕಿ ಸೊರೆ ಬಿಡಿಸುವ ಅಭ್ಯಾಸ ಖಂಡಿತ ಬೇಡ. ಕರೆದ ಮೇಲೆ ನಾಲ್ಕೂ ಮೊಲೆಯನ್ನು 0.5% ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಮೊಲೆಯ ಬಾಯಿ ಮುಚ್ಚಲು ಅಷ್ಟು ಸಮಯ ಬೇಕು.

ಮುಂದಿನ ಎರಡು ಮೂರು ದಿನ ಮೊದಲ ಧಾರೆಗಳನ್ನು ಕಪ್ಪು ಬಣ್ಣದ ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ನೀರುನೀರು, ರಕ್ತದ ಎಳೆ ಕಂಡರೆ, ಅಥವಾ ಕೆಚ್ಚಲಿನ ಒಂದು ಭಾಗ ಬಿಸಿಯಾಗಿ ಗಟ್ಟಿಯಾದರೆ ಅದೇ ದಿನ ನಮಗೆ ತಿಳಿಸಿ. ಆ ಮೊಲೆಯ ಹಾಲನ್ನು ಸಂಘದ ಹಾಲಿಗೆ ಸೇರಿಸಬೇಡಿ.

ಇನ್ವರ್ಟರಿನ ಬಗ್ಗೆಯೂ ಕೇಳುತ್ತಾರೆ. ಮನೆಯ ದೀಪ, ಫ್ಯಾನಿಗಾಗಿ ಹಾಕಿದ ಚಿಕ್ಕ ಇನ್ವರ್ಟರು 1 ಎಚ್.ಪಿ. ಮೋಟರನ್ನು ಎಬ್ಬಿಸಲಾರದು, ಎರಡೂ ಹಾಳಾಗುತ್ತವೆ. ಜನರೇಟರು ಇಟ್ಟುಕೊಂಡರೆ ಅದನ್ನು ಕೊಟ್ಟಿಗೆಯ ಒಳಗೆ ಓಡಿಸಬೇಡಿ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲ ಇರುತ್ತದೆ.

ಗೋಡೆಗೆ ಬರೆದಿಟ್ಟುಕೊಳ್ಳಿ

ದಿನವೂ: ಗೇಜಿನ ಮುಳ್ಳು, ಪಂಪಿನ ಎಣ್ಣೆ, ತಡೆಪಾತ್ರೆ. ಪ್ಲಗ್ಗು ಬಿಸಿಯಾಗಿದೆಯೇ? ಪಲ್ಸೇಟರಿನ ಸದ್ದು ಸರಿಯೇ?
ವಾರಕ್ಕೊಮ್ಮೆ: ಬೆಲ್ಟು, ವೈರು, ಪೈಪಿನ ಸೀಳು. ಇದನ್ನು ಪ್ಲಗ್ಗು ತೆಗೆದೇ ನೋಡಿ.
ತಿಂಗಳಿಗೊಮ್ಮೆ: ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ, ರೆಗ್ಯುಲೇಟರಿನ ಧೂಳು.
ಆರು ತಿಂಗಳಿಗೊಮ್ಮೆ: ಬಟ್ಟಲಿನ ರಬ್ಬರು ನಾಲ್ಕೂ ಒಟ್ಟಿಗೆ ಬದಲಾಯಿಸಿ. ಹಸುಗಳು ಹೆಚ್ಚಿದ್ದು ಅದಕ್ಕೆ ಮೊದಲೇ ಸುಮಾರು 2500 ಕರೆತ ಮುಗಿದರೆ ಆಗಲೇ ಬದಲಾಯಿಸಿ. ಬಿರುಕು ಬಿಟ್ಟ ರಬ್ಬರಿನಲ್ಲಿ ರೋಗಾಣು ಮನೆ ಮಾಡುತ್ತದೆ.
ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ: ಎಲೆಕ್ಟ್ರಿಷಿಯನ್ನಿಂದ ಅರ್ತಿಂಗ್, ಸಾಕೆಟ್ಟು, ಮೋಟರಿನ ಸೋರಿಕೆ ಪರೀಕ್ಷೆ.

ಇನ್ನೊಂದು ಮಾತು. ಯಂತ್ರ ಬಂದ ಮೇಲೆ ಕೈಯಲ್ಲಿ ಕರೆಯುವುದನ್ನು ಮನೆಯ ಹೆಣ್ಣುಮಕ್ಕಳು, ಸೊಸೆಯಂದಿರು ಕಲಿಯುತ್ತಲೇ ಇಲ್ಲ. ವಾರಕ್ಕೊಂದು ಹೊತ್ತಾದರೂ ಕೈಯಲ್ಲಿ ಕರೆಯುವ ರೂಢಿ ಇರಲಿ, ಗಂಡುಮಕ್ಕಳಿಗೂ ಕಲಿಸಿ. ಹಸುವಿಗೂ ಆ ಕೈಯ ಪರಿಚಯ ಇರಬೇಕು. ಇಲ್ಲದಿದ್ದರೆ ಕರೆಂಟು ಹೋದ ಸಂಜೆ ಅದು ಹತ್ತಿರಕ್ಕೂ ಬಿಡುವುದಿಲ್ಲ.

ನಿಮ್ಮ ಸಂಘದಲ್ಲಿ ಯಂತ್ರ ಇಟ್ಟುಕೊಂಡವರು ಹತ್ತು ಮಂದಿ ಇದ್ದರೆ, ಒಂದು ದಿನ ಒಬ್ಬ ಎಲೆಕ್ಟ್ರಿಷಿಯನ್ನನ್ನು ಒಟ್ಟಾಗಿ ಕರೆಸಿ ಎಲ್ಲರ ಕೊಟ್ಟಿಗೆಯ ಅರ್ತಿಂಗ್ ನೋಡಿಸಿ. ಖರ್ಚು ಹಂಚಿಹೋಗುತ್ತದೆ. ಕಾರ್ಯದರ್ಶಿಯವರ ಮೂಲಕ ದಿನ ತಿಳಿಸಿದರೆ ನಾನೂ ಬರುತ್ತೇನೆ. ಅವರು ಮೋಟರು ನೋಡಲಿ, ನಾನು ಕೆಚ್ಚಲು ನೋಡುತ್ತೇನೆ.

– ಪಶುವೈದ್ಯಾಧಿಕಾರಿ